ಹದಿಮೂರು ಅಕ್ಷರದ ಹೆಸರು

ದುರ್ಗಪ್ಪ ಫ್ಲೆಕ್ಸಿನ ಸುರುಳಿಯನ್ನು ಟೇಬಲ್ಲಿನ ಮೇಲೆ ಬಿಚ್ಚಿ, ಎರಡೂ ತುದಿಗೆ ಅಂಟಿನ ಡಬ್ಬಿಗಳನ್ನಿಟ್ಟು, ಅಕ್ಷರಗಳ ಕೆಳಗೆ ಬೆರಳೆಳೆಯುತ್ತ ಓದಿದ. ಅರ್ಧಕ್ಕೆ ಬಂದು ಉಸಿರು ತೆಗೆದುಕೊಂಡ. “ಮೇಡಮ್ಮಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ, ಇದು ಒಂದ ಕೂಸಿನ ಹೆಸರೋ, ಮೂರು ಕೂಸು ಹುಟ್ಟ್ಯಾವೋ?” ಮಾಲಾ ನಗಲಿಲ್ಲ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಓಣಿಯಲ್ಲಿ ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಡುತ್ತಿತ್ತು, ಅಂಗಡಿಯ ತುಂಬ ಬಣ್ಣದ ವಾಸನೆ. “ಒಂದ ಕೂಸು. ನಮ್ಮ ತಮ್ಮನ ಮಗಳು. ಪೂರ್ತಿ ಓದ್ರಿ,” ಎಂದಳು. ದುರ್ಗಪ್ಪ ಮತ್ತೆ ಮೊದಲಿನಿಂದ ಹಿಡಿದ: ಮಹಾಪ್ರಜಾಪತಿ ಗೌತಮಿ ಸುಂದರವ್ವ. ಎರಡು ಸಲ ಅಕ್ಷರ ಸಣ್ಣ ಮಾಡಿದೆ, ಸಾಲಲಿಲ್ಲ, ಬಲೂನು ತೆಗೆದೆ, ಕಡೆಗೆ ಮೂಲೆಯಲ್ಲಿದ್ದ ಮೊಲವನ್ನೂ ತೆಗೆದೆ, ಮೊಲವಿಲ್ಲದ ತೊಟ್ಟಿಲ ಫ್ಲೆಕ್ಸು ನನ್ನ ಅಂಗಡಿಯಿಂದ ಇದೇ ಮೊದಲು ಹೊರಗೆ ಬೀಳುತ್ತಿರುವುದು ಎಂದು ತನ್ನ ಪಾಡು ಹೇಳಿಕೊಂಡ. ಮಾಲಾಗೆ ಅದು ಹಿತವೆನಿಸಿತು. ಬಲೂನನ್ನೂ ಮೊಲವನ್ನೂ ಅತ್ತ ಸರಿಸಿ ಹೆಸರು ತನ್ನ ಜಾಗ ತಾನೇ ಕೇಳಿ ಪಡೆದಿತ್ತು. ಆದರೆ ಓದುವಾಗ ದುರ್ಗಪ್ಪ ಮೊದಲೆರಡು ಮಾತುಗಳಿಗೆ ದಮ್ಮು ಖರ್ಚು ಮಾಡಿ, ಕೊನೆಯದನ್ನು ಬಸ್ಸಿನಿಂದ ಇಳಿಯುವ ಅವಸರದಲ್ಲಿ ಅಂದುಬಿಟ್ಟಿದ್ದ. “ಕಡೀದು ಇನ್ನೊಂದ ಸರ್ತಿ ಅನ್ರಿ,” ಎಂದಳು. “ಸುಂದರವ್ವ,” ಎಂದ ಅವನು, ಮುಖ ನೋಡುತ್ತ. “ಹಂಗಲ್ಲ. ಗಟ್ಯಾಗಿ.” ಅವನು ಗಟ್ಟಿಯಾಗಿ ಅಂದ. ಪಕ್ಕದ ಜೆರಾಕ್ಸ್ ಅಂಗಡಿಯವನು ಇಣುಕಿ ನೋಡಿದ. ಹೊರಗೆ ಬಂದ ಮೇಲೆ ಅವಳಿಗೆ ನಾಚಿಕೆಯಾಯಿತು. ನಲವತ್ತೆರಡು ವರ್ಷದ ಹೆಂಗಸು, ತಾಲೂಕಾ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತು ನೌಕರಿ ಮಾಡುವವಳು, ಊರ ಮಂದಿಯಿಂದ ಒಂದು ಹೆಸರನ್ನು ಹೀಗೆ ಬೇಡಿ ಬೇಡಿ ಕೇಳಿಸಿಕೊಳ್ಳುವುದೆಂದರೆ.

ಕೇಳಿಸಿಕೊಳ್ಳಬೇಕಾಗಿದ್ದುದು ಒಬ್ಬಳ ಬಾಯಿಂದ ಮಾತ್ರ. ನೇಸರಗಿಯ ನಿಜಗುಣಪ್ಪ ಸಾವಕಾರರ ಹೆಂಡತಿ ಸುಂದರವ್ವ, ಊರಿಗೆಲ್ಲ ಅವ್ವಾರು, ಈಗ ಎಪ್ಪತ್ತು ದಾಟಿದ ಮುದುಕಿ, ಇವತ್ತು ಹನ್ನೆರಡಕ್ಕೆ ಅವಳು ಮಾಲಾಳ ತವರುಮನೆಯ ಮುಂದಿನ ಚಪ್ಪರದಲ್ಲಿ ಕೂತಿರುತ್ತಾಳೆ. ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಕಿವಿಯಲ್ಲಿ ಮೂರು ಸಲ ಕುರ್ರ್ ಎಂದು ಹೆಸರು ಊದುವವಳು ಅವಳೇ, ಊದುವಾಗ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಈ ಹಕ್ಕನ್ನು ಮಾಲಾ ಮೂರು ವಾರದಿಂದ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ತಮ್ಮ ಆಕಾಶನೂ ಅವನ ಹೆಂಡತಿ ಸ್ನೇಹಲಳೂ ಮೊಬೈಲು ನೋಡಿ ಆರ್ವಿ, ಪರಿ, ಕಿಯಾ ಎಂದು ಎರಡೆರಡು ಅಕ್ಷರದವನ್ನು ಆರಿಸಿಟ್ಟುಕೊಂಡಿದ್ದರು. ಎರಡಕ್ಷರದ್ದು ಬೇಡ ಎಂದಳು. ಯಾಕೆಂದು ಹೇಳಲಿಲ್ಲ. ಸಾವಕಾರರ ಮನೆಯ ಬಾಯಲ್ಲಿ ಅಪ್ಪ ಲಗಮಣ್ಣ ಲಗಮ್ಯಾ ಆಗಿದ್ದ, ತಾನು ಮಾಲಿ ಆಗಿದ್ದಳು. ಕತ್ತರಿಸಿದಷ್ಟೂ ಮಿಕ್ಕೇ ಇರುವಂಥ ಹೆಸರು ಬೇಕಾಗಿತ್ತು ಅವಳಿಗೆ, ಕೇಳುವವರು ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ಕಾಯಬೇಕು, ಕಾದು ಕಾದು ತುದಿಯಲ್ಲಿ ಆ ನಾಲ್ಕು ಅಕ್ಷರ ಮೈಮೇಲೆ ಬೀಳಬೇಕು. ಮಹಾಪ್ರಜಾಪತಿ ಗೌತಮಿ ಎಂದರೆ ತಾಯಿ ತೀರಿಕೊಂಡ ಸಿದ್ಧಾರ್ಥನನ್ನು ಎದೆಗೆ ಹಾಕಿಕೊಂಡು ಬೆಳೆಸಿದವಳು ಎಂದು ಅರ್ಥ ಹೇಳಿದಾಗ ಆಕಾಶ ತಲೆಯಾಡಿಸಿದ. ಬರೆದುಕೊಟ್ಟ ಚೀಟಿಯ ಕೊನೆಯಲ್ಲಿ ಸುಂದರವ್ವ ಯಾಕೆಂದು ಕೇಳಲೂ ಇಲ್ಲ. ಓದಿಸಿದ ಅಕ್ಕನ ಮಾತಿಗೆ ಅವನು ಯಾವತ್ತೂ ತಲೆಯಾಡಿಸಿದವನೇ. ಸ್ನೇಹಲ್ ಮಾತ್ರ ಕೂಸಿಗೆ ಎಣ್ಣೆ ಹಚ್ಚುತ್ತ, “ಅಕ್ಕಾ, ಇಕಿ ಪರೀಕ್ಷಾದಾಗ ಹೆಸರು ಬರಿಯೂದ್ರಾಗ ಗಂಟಿ ಹೊಡೀತೈತಿ ನೋಡ್ರಿ,” ಎಂದು ನಕ್ಕಿದ್ದಳು. ನಗುವಿನ ಹಿಂದೆ ಆರ್ವಿ ಎಂಬ ಹೆಸರು ಮುದುರಿಕೊಂಡು ಕೂತದ್ದು ಮಾಲಾಗೆ ಕಾಣಿಸಿತ್ತು. ಕಾಣಿಸಿದರೂ ಕಾಣದವಳಂತೆ ಇದ್ದಳು. ಈ ಕೂಸು ಒಬ್ಬ ಮುದುಕಿಗೆ ಹೊಡೆಯಲು ನಾನು ಎತ್ತಿಕೊಂಡ ಕಲ್ಲು ಎಂದು ಬಾಣಂತಿಯ ಎದುರು ಹೇಳುವುದು ಹೇಗೆ?

ನೇಸರಗಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸುರುಳಿಯನ್ನು ಮಂಡಿಗಳ ನಡುವೆ ನಿಲ್ಲಿಸಿ ಹಿಡಿದುಕೊಂಡಳು. ರಸ್ತೆಯ ಎರಡೂ ಕಡೆ ಕಪ್ಪು ಹೊಲ, ಅಲ್ಲಲ್ಲಿ ಕಬ್ಬು, ಯಾರದೋ ಎಮ್ಮೆ. ಎಮ್ಮೆಯ ಹಿಂದೆ ಬಗ್ಗಿದ ಹೆಂಗಸು ಅವ್ವನಲ್ಲ, ಅವ್ವ ತೀರಿಕೊಂಡು ಎಂಟು ವರ್ಷವಾಯಿತು, ಆದರೂ ಸಾವಕಾರರ ಹಿತ್ತಲಿನಲ್ಲಿ ಅವ್ವ ಬಗ್ಗಿಯೇ ಇದ್ದಾಳೆ, ಬುಟ್ಟಿ ಅರ್ಧ ತುಂಬಿದೆ, ಕೈ ಮೊಣಕೈವರೆಗೆ ಸಗಣಿ. ಮಾಲಾಗೆ ಒಂಬತ್ತು ವರ್ಷ, ಸಾಲಿ ಸೂಟಿ, ಕಸಬರಿಗೆ ಹಿಡಿದು ಗೋಡೆಗೆ ಆತು ನಿಂತಿದ್ದಾಳೆ. ಮುಂಬಾಗಿಲ ಕಡೆಯಿಂದ ಸಾವಕಾರ್ತಿಯ ಅಣ್ಣ, ಮುನವಳ್ಳಿಯ ಬಸಲಿಂಗಪ್ಪ, ಒಳಗೆ ಬರುತ್ತಲೇ ಕರೆದ, “ಸುಂದರವ್ವಾ.” “ಓ,” ಎಂದಳು ಅವ್ವ. ಎದ್ದು ನಿಂತೇಬಿಟ್ಟಿದ್ದಳು. ಹಿಂಬಾಗಿಲಲ್ಲಿ ಸಾವಕಾರ್ತಿ, ಅವಳ ಹಿಂದೆ ಆ ಅಣ್ಣ, ಮೂರೂ ಜನ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಸಾವಕಾರ್ತಿ, ಕೆಟ್ಟ ನಗೆಯಲ್ಲ ಅದು, ಮಕ್ಕಳು ತಪ್ಪು ಮಗ್ಗಿ ಹೇಳಿದರೆ ನಗುತ್ತಾರಲ್ಲ ಹಾಗೆ. “ನಿನಗಲ್ಲವಾ ಶಟ್ಟೆವ್ವ, ನನಗ ಕರದಾನ.” ಬಸಲಿಂಗಪ್ಪನೂ ನಕ್ಕ. ಅವ್ವನೂ ನಕ್ಕಳು. ಅವ್ವ ನಕ್ಕಿದ್ದನ್ನು ಮಾಲಾ ಇವತ್ತಿಗೂ ಕ್ಷಮಿಸಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು: ಅವರನ್ನ ಕರದ್ರ ನೀ ಯಾಕ ಓ ಅಂದಿ? ಅವ್ವ ಹಳ್ಳದಲ್ಲಿ ಮೊಣಕೈವರೆಗೆ ಕೈ ತೊಳೆದಳು. ಆಮೇಲೆ, ಅದು ನನ್ನ ಹೆಸರೂ ಹೌದು ಎಂದಳು. ಸಂಗೊಳ್ಳಿಯ ತವರಿನಲ್ಲಿ ಇಟ್ಟದ್ದು, ಹದಿನಾರು ವರ್ಷ ಅದೇ ಹೆಸರಿನಿಂದ ಓಡಾಡಿದ್ದು. ಮದುವೆಯಾಗಿ ಬಂದು ಆ ಮನೆಯ ದನದ ಕೆಲಸಕ್ಕೆ ನಿಂತ ದಿನ, ಮನೆಯ ಹೊಸ ಸೊಸೆಯ ಹೆಸರೇ ಈ ಕೆಲಸದವಳದೂ ಎಂದು ಗೊತ್ತಾಯಿತು. ಇನ್ನು ಇವಳನ್ನು ಬೈಯುವುದು ಹೇಗೆ? ಸುಂದರವ್ವ ಎಂದು ಕೂಗಿ ಬೈದರೆ ಸೊಸೆಗೆ ಬೈದಂತಲ್ಲವೇ? ಅವತ್ತೇ ಶಟ್ಟೆವ್ವ ಆದಳು. ಮೊದಲು ಹಿತ್ತಲಿಗೆ, ಆಮೇಲೆ ಓಣಿಗೆ, ಆಮೇಲೆ ರೇಶನ್ ಕಾರ್ಡಿಗೆ. “ಯಾರಿಗೂ ಹೇಳಬ್ಯಾಡ,” ಎಂದಿದ್ದಳು ಅವ್ವ, ಕದ್ದ ಮಾಲಿನ ಸುದ್ದಿ ಹೇಳುವವಳಂತೆ. ಯಾರ ಮಾಲು, ಯಾರು ಕದ್ದದ್ದು?

ಬಸ್ಸು ನಿಂತಿತು, ಯಾರೋ ಹತ್ತಿದರು, ಯಾರೋ ಮಾಲಾಳನ್ನು ಗುರುತಿಸಿ, “ಮೇಡಂ, ನಮ್ಮ ಅರ್ಜಿ?” ಎಂದು ಕೇಳಿದರು. ಸೋಮವಾರ ಬರ್ರಿ ಎಂದಳು. ಅವಳ ಟೇಬಲ್ಲಿಗೆ ಬರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ಹೆಸರಿನವೇ. ತಂದೆಯ ಹೆಸರು ಒಂದು ಕಡೆ ಭೀಮಶಿ, ಇನ್ನೊಂದು ಕಡೆ ಭೀಮಪ್ಪ, ಇಬ್ಬರೂ ಒಬ್ಬರೇ ಎಂದು ಪ್ರಮಾಣ ಮಾಡಿಸಿ ತರುತ್ತಾರೆ, ಅವಳು ಕಾಗದ ಕೂಡಿಸಿ ಮೇಲಕ್ಕೆ ಕಳಿಸುತ್ತಾಳೆ. ಊರ ಮಂದಿಯ ಹೆಸರನ್ನೆಲ್ಲ ರಿಪೇರಿ ಮಾಡುವವಳಿಗೆ ಅವ್ವನದನ್ನು ಮಾಡಲು ಆಗಲಿಲ್ಲ. ಮರಣದ ದಾಖಲೆ ಕೈಗೆ ಬಂದಾಗ ಅದರಲ್ಲಿ ಶಟ್ಟೆವ್ವ ಎಂದೇ ಇತ್ತು. ತಿದ್ದಿಸಬೇಕೆಂದರೆ ಮೊದಲಿನ ಹೆಸರಿದ್ದ ಒಂದಾದರೂ ಕಾಗದ ಬೇಕು. ಟ್ರಂಕಿನಲ್ಲಿದ್ದ ಚೂರುಪಾರನ್ನೆಲ್ಲ ಹರವಿಕೊಂಡು ಹುಡುಕಿದಳು. ಸಿಕ್ಕಿದ್ದು ತನ್ನದೇ ಎಸ್ಸೆಸ್ಸೆಲ್ಸಿ ಫಾರ್ಮಿನ ಕಾರ್ಬನ್ ಪ್ರತಿ. ತಾಯಿಯ ಹೆಸರು: ಶಟ್ಟೆವ್ವ. ಗುಂಡಗಿನ, ತಿದ್ದಿ ಬರೆದ, ಬಹುಮಾನ ಬಂದ ಅಕ್ಷರ. ಅವತ್ತು ಅವ್ವ ರೊಟ್ಟಿಯ ಗಂಟು ಹಿಡಿದು ಸಾಲಿಯ ಕಿಟಕಿಯ ಹೊರಗೆ ನಿಂತಿದ್ದಳು. “ನನ್ನ ಹೆಸರಿನ ಜಾಗಾದಾಗ ಏನ ಬರದಿ?” ಎಂದು ಕೇಳಿದಳು. ಹದಿನೈದು ವರ್ಷದ ಮಾಲಾಗೆ ಗೆಳತಿಯರ ಎದುರು ಆ ಸೀರೆ, ಆ ಗಂಟು, ಆ ಪ್ರಶ್ನೆ ಎಲ್ಲವೂ ಬೇಡವಾಗಿದ್ದವು. ಶಟ್ಟೆವ್ವ ಅಂತ, ಮತ್ತೇನ ಬರೀಬೇಕು, ಎಂದಳು. ಅವ್ವ “ಛಲೋ ಆತು,” ಎಂದು ಗಂಟು ಕಿಟಕಿಯಲ್ಲಿಟ್ಟು ಹೋದಳು. ಸಾವಕಾರರ ಮನೆಯವರು ಹೆಸರನ್ನು ಬಾಯಿಂದ ಕಿತ್ತುಕೊಂಡಿದ್ದರು, ಕಾಗದದಿಂದ ಕಿತ್ತವಳು ತಾನು. ಇದು ನೆನಪಾದಾಗೆಲ್ಲ ಮಾಲಾಗೆ ಸಾವಕಾರ್ತಿಯ ಮೇಲಿನ ಸಿಟ್ಟು ಇನ್ನೂ ಏರುತ್ತಿತ್ತು. ಅರ್ಧ ಪಾಪ ತನ್ನದು ಎಂದಾಗ ಇನ್ನರ್ಧದವಳ ಮೇಲೆ ಇಷ್ಟು ಸಿಟ್ಟು ಬರುವುದು ನ್ಯಾಯವೋ ಅಲ್ಲವೋ ಅವಳು ಯೋಚಿಸಲಿಲ್ಲ. ನ್ಯಾಯವೇ ಬೇಕಾಗಿದ್ದರೆ ಕಚೇರಿಯಿತ್ತು.

ಹೋದ ರವಿವಾರ ಕರೆಯಲು ಹೋದವಳೂ ಅವಳೇ. ಆಕಾಶನಿಗೆ ಹೇಳಿದ್ದರೆ ಅವನೇ ಹೋಗುತ್ತಿದ್ದ. ಸಾವಕಾರರ ಮೊಮ್ಮಗ ಸಚಿನ ಮತ್ತು ಅವನು ಕೂಡಿ ಹೊಲಗಳಿಗೆ ಸೋಲಾರ್ ಪಂಪ್ ಕೂಡಿಸುವ ಕೆಲಸ ಮಾಡುತ್ತಾರೆ, ಒಂದೇ ಗಾಡಿಯಲ್ಲಿ ತಿರುಗುತ್ತಾರೆ, ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ. ಆದರೂ ಅವಳಿಗೆ ತಾನೇ ಹೋಗಬೇಕಿತ್ತು. ಮುಂಬಾಗಿಲಿಂದ ಹೋದಳು. ಸಾವಕಾರ್ತಿ ಕುರ್ಚಿ ತೋರಿಸಿ, ಸಂಕೋಚ ಮಾಡಬ್ಯಾಡ ಕುಂದ್ರವಾ ಎಂದಳು, ಕಣ್ಣಿಗೆ ಆಪರೇಶನ್ ಆಗಿದೆ ಎಂದಳು, ನೀನು ಆಫೀಸರಳಾದದ್ದು ಕೇಳಿ ಹೊಟ್ಟೆ ತಣ್ಣಗಾಯಿತು ಎಂದಳು. ಆಫೀಸರಲ್ಲ, ಕ್ಲಾರ್ಕು ಎಂದಳು ಮಾಲಾ. ಸಚಿನನ ಹೆಂಡತಿ ಮಧು ಚಹಾ ತಂದಳು, ಮಾಲಾಗೆ ಕಾಗದದ ಕಪ್ಪು. ಮಧು ತಾನೂ ಕಾಗದದ ಕಪ್ಪಿನಲ್ಲೇ ಕುಡಿದಳು. ಮುದುಕಿ ಸ್ಟೀಲಿನ ಲೋಟದಲ್ಲಿ ಕುಡಿದಳು. ಹಾಗಾದರೆ ಇದು ಈ ಮನೆಯ ಹೊಸ ರೂಢಿಯೋ, ತನಗಾಗಿ ತೆಗೆದ ಕಪ್ಪೋ, ತನಗಾಗಿ ತೆಗೆದದ್ದನ್ನು ಮುಚ್ಚಲು ಮಧು ತಾನೂ ಹಾಗೆ ಕುಡಿದಳೋ? ವಾರವಿಡೀ ಈ ಕಪ್ಪು ಅವಳ ತಲೆಯಲ್ಲಿ ತಿರುಗಿತು. ಮೊದಲಾದರೆ ಹಿತ್ತಲ ಗೂಡಿನಲ್ಲಿ ಅವ್ವನ ಚಹಾದ ಬಸಿ ಬೇರೆ ಇತ್ತು, ಅದು ಬೇರೆ ಎಂದು ಎಲ್ಲರಿಗೂ ಗೊತ್ತಿತ್ತು, ಸಿಟ್ಟಿಗೆ ಒಂದು ನೆಲೆಯಿತ್ತು. ಈಗ ಸಿಟ್ಟು ಬಂದರೂ ಅದನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ. ಬಾಗಿಲವರೆಗೆ ಬಂದು ಸಾವಕಾರ್ತಿ ಅಂದಳು: “ಶಟ್ಟೆವ್ವ ಇರಬೇಕಾಗಿತ್ತ ನೋಡು. ಕೈ ಭಾಳ ಸ್ವಚ್ಛ ಅಕಿದು. ನಮ್ಮನ್ಯಾಗ ಬೆಳದಾಕಿ ನೀ, ನೀ ಕರದ್ರ ಬರೂದಿಲ್ಲಂತೇನ?” ಬರ್ರಿ ಅವ್ವಾರ, ಬಂದು ಕೇಳ್ರಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಮಾಲಾ ಮೆಟ್ಟಿಲಿಳಿದಿದ್ದಳು.

ಮನೆಯ ಮುಂದೆ ಚಪ್ಪರ ಹಾಕಿ ಆಗಿತ್ತು. ಒಳಗೆ ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಫೋಟೋಗಳಿಗೆ ಹೊಸ ಹಾರ, ಅಡಿಗೆಯ ಕಡೆ ಹುಗ್ಗಿಯ ವಾಸನೆ. ಸ್ನೇಹಲಳ ತವರು ರಾಮದುರ್ಗ, ಅಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನವೂ ತೊಟ್ಟಿಲೂ ಎಲ್ಲ ಇಲ್ಲಿಯೇ. ಅವಳ ಕಡೆಯ ಹೆಂಗಸರು ಒಂದು ಟಂಟಂ ತುಂಬ ಬಂದಿದ್ದರು. ಲಗಮಣ್ಣ ಹೊಸ ಧೋತರ ಉಟ್ಟು, ಚಪ್ಪರದ ಕಂಬಕ್ಕೆ ಆತು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಪೂರ್ತಿ ಕುರ್ಚಿ ತನ್ನದಲ್ಲ ಎಂಬಂತೆ ಅವನು ಯಾವಾಗಲೂ ಕೂಡುವುದೇ ಹಾಗೆ. ಮಾಲಾ ಸುರುಳಿಯನ್ನು ಆಕಾಶನ ಕೈಗೆ ಕೊಟ್ಟು, ಕಟ್ಟು, ಆದರೆ ಮೇಲೊಂದು ಸೀರೆ ಮುಚ್ಚು, ನಾನು ಹೆಸರು ಕೂಗಿದ ಮೇಲೆ ತೆಗಿ ಎಂದಳು. ಆಮೇಲೆ ಅಪ್ಪನ ಹತ್ತಿರ ಬಗ್ಗಿ, “ಹೆಸರು ಗೊತ್ತಾತಿಲ್ಲ?” ಎಂದು ಕೇಳಿದಳು. ಬರೆದುಕೊಟ್ಟ ಚೀಟಿಯನ್ನು ನಿನ್ನೆ ಆಕಾಶ ಅವನಿಗೆ ಓದಿ ಹೇಳಿದ್ದ. ಲಗಮಣ್ಣ ನೆಲ ನೋಡುತ್ತ, “ಆತು,” ಎಂದ. ಮತ್ತೆ, “ಅವ್ವಾರು ಬರೂದೈತಂತ,” ಎಂದ. “ಅದಕ್ಕ ಇಟ್ಟದ್ದು,” ಎಂದಳು ಮಾಲಾ. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಹೆಂಡತಿಯನ್ನು ಅವನು ಯಾವತ್ತೂ ಹೆಸರು ಹಿಡಿದು ಕರೆದವನಲ್ಲ, ಏ, ಇಕೀ, ಮಾಲಾನ ಅವ್ವಾ, ಇಷ್ಟರಲ್ಲೇ ಒಂದು ಜನ್ಮದ ಸಂಸಾರ ಮುಗಿಸಿದ್ದ. ಶಟ್ಟೆವ್ವ ಎಂದೂ ಕರೆದಿರಲಿಲ್ಲ ಎಂಬುದು ಆ ಕ್ಷಣ ಮಾಲಾಗೆ ಮೊದಲ ಸಲ ಹೊಳೆಯಿತು. ಹೊಳೆದರೂ ಅದನ್ನು ಹಿಡಿದು ನಿಲ್ಲಲು ಹೊತ್ತಿರಲಿಲ್ಲ, ಸಚಿನನ ಕಾರು ಓಣಿಗೆ ತಿರುಗಿತ್ತು.

ಸಾವಕಾರ್ತಿ ಇಳಿದ ಕೂಡಲೇ ಓಣಿಗೆ ಓಣಿಯೇ ಸೆರಗು ಸರಿಮಾಡಿಕೊಂಡಿತು. ಮಧು ಒಂದು ತೋಳು, ಸಚಿನ ಒಂದು ತೋಳು ಹಿಡಿದಿದ್ದರು. ಮುಂದಿನ ಸಾಲಿನ ನಡುವೆ, ಗಾದಿ ಹಾಕಿದ ಒಂದೇ ಕುರ್ಚಿಯಲ್ಲಿ ಕೂಡಿಸಿದರು. ಆ ಗಾದಿ ಯಾರು ಹಾಕಿದರು ಎಂದು ಮಾಲಾ ಸುತ್ತ ನೋಡಿದಳು, ಆಕಾಶ ಕಣ್ಣು ತಪ್ಪಿಸಿದ. ಮುದುಕಿ ನೀರು ಕೇಳಿ ಇಸಿದುಕೊಂಡು, ಇವರ ಮನೆಯ ಲೋಟದಲ್ಲೇ, ಎಲ್ಲರೂ ನೋಡುತ್ತಿರುವಂತೆ ಕುಡಿದಳು. ಓಣಿಯ ಹೆಂಗಸರ ಮುಖಗಳಲ್ಲಿ ಮೆಚ್ಚುಗೆ ಹರಿದಾಡಿತು. ಕುಡಿ, ಎಂದುಕೊಂಡಳು ಮಾಲಾ, ಕುಡಿದು ಗಂಟಲು ಹಸಿ ಮಾಡಿಕೋ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ತೊಟ್ಟಿಲ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಕೈಯಿಂದ ಕೈಗೆ ದಾಟಿಸಿದರು. ಮಾಲಾ ಬಗ್ಗಿ ಆ ಸಣ್ಣ ಕಿವಿಯ ಹತ್ತಿರ ಬಾಯಿ ತಂದಳು. ಕೊಬ್ಬರಿ ಎಣ್ಣೆಯ ವಾಸನೆ, ಕಿವಿಯ ಮೇಲೆ ಸಣ್ಣ ಕೂದಲು. ಕುರ್ರ್, ಮಹಾಪ್ರಜಾಪತಿ. ಬೆನ್ನಿಗೆ ಗುದ್ದು ಬಿತ್ತು, ಹೆಂಗಸರು ನಕ್ಕರು. ಕುರ್ರ್, ಗೌತಮಿ. ಮತ್ತೆ ಗುದ್ದು, ಸ್ನೇಹಲಳ ಕಡೆಯ ಯಾವಳೋ ಚೆನ್ನಾಗಿಯೇ ಗುದ್ದಿದಳು. ಮೂರನೆಯದಕ್ಕೆ ಅವಳ ದನಿ ಹೊರಡಲಿಲ್ಲ. ಅವ್ವನ ಹೆಸರನ್ನು ತಾನೂ ಈವರೆಗೆ ಬಾಯಿಬಿಟ್ಟು ಅಂದವಳಲ್ಲ, ಬರೀ ಬೇರೆಯವರಿಂದ ಅನಿಸಲು ಓಡಾಡಿದವಳು. ಹೇಳ ಲಗೂನ, ಎಂದು ಹೆಂಗಸರು ಬೆನ್ನಿಗೆ ಬಡಿದರು. ಕುರ್ರ್, ಸುಂದರವ್ವ. ಕೂಸು ಕಣ್ಣು ಬಿಟ್ಟು ಅವಳನ್ನೇ ನೋಡಿತು. ಆ ನೋಟಕ್ಕೆ ಅವಳ ಎದೆ ತುಂಬಿ ಬಂತು, ಇಲ್ಲಿಗೇ ಸಾಕು, ಇದನ್ನು ಇಷ್ಟಕ್ಕೇ ಬಿಟ್ಟುಬಿಡಲೇ ಎನಿಸಿತು. ಆದರೆ ನೆಟ್ಟಗೆ ನಿಂತಾಗ ಎದುರಿಗೆ ಗಾದಿಯ ಕುರ್ಚಿಯೇ ಕಂಡಿತು. “ಏನ ಇಟ್ಟಿ ಹೆಸರು, ಕೂಗಿ ಹೇಳು,” ಎಂದರು ಯಾರೋ. ಮಾಲಾ ಸಾವಕಾರ್ತಿಯ ಮುಖದಲ್ಲೇ ಕಣ್ಣಿಟ್ಟು, ಒಂದೊಂದೇ ಅಕ್ಷರ ಬಿಡಿಸಿ, ಹದಿಮೂರನ್ನೂ ಹೇಳಿದಳು. ಆಕಾಶ ಸೀರೆ ಎಳೆದ.

ಮಂದಿ ಗುಜುಗುಜು ಎಂದರು. ಸಾವಕಾರ್ತಿ ಕಿವಿಯ ಹಿಂದೆ ಕೈಯಿಟ್ಟು, “ಕಡೀಕ ಏನಂದ್ಲು?” ಎಂದು ಕೇಳಿದಳು. ಮಧು ಬಗ್ಗಿ, “ಸುಂದರವ್ವ ಅಂದ್ರು, ಅಜ್ಜಿ. ನಿಮ್ಮ ಹೆಸರು,” ಎಂದಳು. ಮಾಲಾ ಕಾದಳು. ಮೂವತ್ಮೂರು ವರ್ಷ ಕಾದದ್ದು ಇದೇ ಮುಖಕ್ಕಾಗಿ, ಅದು ಬಿಳಿಚಿಕೊಳ್ಳಬೇಕು, ಸಿಟ್ಟಾಗಬೇಕು, ನಮ್ಮ ಹೆಸರು ನಿಮಗ್ಯಾಕ ಎಂದು ಒಂದು ಮಾತು ಜಾರಬೇಕು. ಮುದುಕಿಯ ಕಣ್ಣಲ್ಲಿ ನೀರು ಬಂತು. ಬಾಯಿ ಅಗಲವಾಗಿ, ಹಲ್ಲಿಲ್ಲದ ವಸಡು ತೋರಿಸಿ ನಕ್ಕಳು. “ನನ್ನ ಹೆಸರ ಇಟ್ಟ್ಯಾ ಮಾಲಿ? ನನ್ನ ಮೊಮ್ಮಕ್ಕಳ ಯಾರೂ ಇಟ್ಟಿಲ್ಲ ನೋಡವಾ, ಹಳೇದ ಆತ ಅಂದ್ರು,” ಎಂದು ಮಧುವಿನ ಕಡೆ ಕೈ ಮಾಡಿದಳು. “ಶಟ್ಟೆವ್ವನ ಉಪ್ಪಿನ ಋಣ, ಏನ ಹೇಳೂದು. ಕೊಡ ಇಲ್ಲೆ ಕೂಸಿನ್ನ.” ಯಾರೋ ಚಪ್ಪಾಳೆ ತಟ್ಟಿದರು. ಸಚಿನ ಮೊಬೈಲು ತೆಗೆದು ವಿಡಿಯೋ ಮಾಡತೊಡಗಿದ. ಮಾಲಾ ನೋಡುತ್ತಿದ್ದಂತೆಯೇ ಆಕಾಶ ಕೂಸನ್ನೆತ್ತಿ, ನಗುನಗುತ್ತ, ಆ ಮಡಿಲಿಗೆ ಇಟ್ಟ.

“ನಿಮ್ಮ ಹೆಸರಲ್ರಿ ಅವ್ವಾರ,” ಎಂದಳು ಮಾಲಾ. ದನಿ ತನ್ನದಲ್ಲವೆನ್ನುವಷ್ಟು ಸಣ್ಣಗೆ ಬಂತು, ಮತ್ತೊಮ್ಮೆ ಅಂದಳು. “ನಿಮ್ಮದಲ್ಲ. ಇದು ನಮ್ಮವ್ವನ ಹೆಸರು.” ಮುದುಕಿ ಕೂಸಿನ ಗಲ್ಲ ಸವರುತ್ತ ತಲೆಯೆತ್ತಿದಳು. ಅವಳಿಗೆ ಸಿಟ್ಟೂ ಬರಲಿಲ್ಲ, ಗಾಬರಿಯೂ ಆಗಲಿಲ್ಲ. “ಏ ಹುಚ್ಚಿ, ನಿಮ್ಮವ್ವನ ಹೆಸರ ನನಗ ಗೊತ್ತಿಲ್ಲೇನ? ಇಟ್ಟಾಕಿನ ನಾನು.” ಚಪ್ಪರದಲ್ಲಿ ನಗು ಎದ್ದಿತು, ಪ್ರೀತಿಯ ನಗುವೇ. ಆಕಾಶ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಅಕ್ಕಾ, ಏನ ಮಾತಾಡಾಕ ಹತ್ತಿ? ಅವ್ವನ ಹೆಸರು ಶಟ್ಟೆವ್ವ ಅಲ್ಲಾ?” ಎಂದ. ಹೆತ್ತವಳ ಹೆಸರನ್ನೇ ಅವನು ಹೀಗೆ ಅಕ್ಕನಿಗೆ ಕಲಿಸಿಕೊಡುತ್ತಿದ್ದ. ತಪ್ಪು ಅವನದಲ್ಲ, ಅವನಿಗಾಗಲಿ ಯಾರಿಗೇ ಆಗಲಿ ಮಾಲಾ ಹೇಳಿರಲಿಲ್ಲ, ಅವ್ವ ಹೇಳಬೇಡ ಎಂದಿದ್ದಳಲ್ಲ, ಹೇಳದೆ ಇಟ್ಟುಕೊಂಡ ಮಾತು ಈಗ ಅವಳೊಬ್ಬಳ ಹುಚ್ಚಾಗಿ ನಿಂತಿತ್ತು. ಅವಳು ಅಪ್ಪನ ಕಡೆ ತಿರುಗಿದಳು. ಈ ಚಪ್ಪರದಲ್ಲಿ ಉಳಿದ ಸಾಕ್ಷಿ ಅವನೊಬ್ಬನೇ. “ಅಪ್ಪಾ, ಹೇಳು. ಅವ್ವನ ಹೆಸರು ಏನಂತ ಇವರಿಗೆ ಹೇಳು.” ಎಲ್ಲರೂ ಲಗಮಣ್ಣನನ್ನು ನೋಡಿದರು. ಸಾವಕಾರ್ತಿಯೂ ನೋಡಿದಳು. ಅವನು ಕುರ್ಚಿಯ ತುದಿಯಿಂದ ಇನ್ನೂ ತುದಿಗೆ ಸರಿದು, ಚಪ್ಪಲಿಯ ಮೇಲೆ ಕಣ್ಣಿಟ್ಟು, “ಈಗ ಅದನ್ನ ತಗೊಂಡ ಏನ ಮಾಡೂದೈತಿ,” ಎಂದ. “ಮಂದಿ ಹಸದೈತಿ. ಊಟಕ್ಕ ಎಬ್ಬಸ್ರಿ.”

ಮಾಲಾ ನಿಂತಲ್ಲೇ ನಿಂತಿದ್ದಳು. ಬೆನ್ನು ನೋಯುತ್ತಿತ್ತು. ಹಿಂದೆ ಹದಿಮೂರು ಅಕ್ಷರ ಗಾಳಿಗೆ ಪಟಪಟ ಎನ್ನುತ್ತಿದ್ದವು, ಎದುರಿಗೆ ಸಾವಕಾರ್ತಿ ಅದೇ ಹೆಸರನ್ನು ಎಷ್ಟು ಮುದ್ದಿನಿಂದ, ಎಷ್ಟು ಹಕ್ಕಿನಿಂದ ಕರೆಯುತ್ತಿದ್ದಳು, ಸುಂದರವ್ವ, ಏ ಸುಂದರವ್ವ, ನನ್ನ ಮೂಗ ಐತಿ ನೋಡ ಇದಕ್ಕ. ಬೇಕೆಂದದ್ದು ಸಿಕ್ಕಿತ್ತು. ಆ ಬಾಯಿಂದ ಆ ಹೆಸರು ಬರುತ್ತಿತ್ತು, ಮಂದಿ ಕೇಳುತ್ತಿದ್ದರು, ಮತ್ತು ಕೊನೆಯ ಚೂರೂ ಅವರ ಮನೆಗೆ ಹೋಗಿತ್ತು. ಇಡೀ ಊರಿನಲ್ಲಿ ಅವ್ವನಿಗೆಂದು ಉಳಿದಿದ್ದ ಒಂದೇ ಒಂದನ್ನು ತಾನೇ ಫ್ಲೆಕ್ಸಿನಲ್ಲಿ ಬರೆಸಿ, ಸೀರೆ ಮುಚ್ಚಿ, ಕಾಣಿಕೆ ಕೊಟ್ಟಂತೆ ಕೊಟ್ಟಿದ್ದಳು. ಅಷ್ಟರಲ್ಲಿ ಮಧು ಅಯ್ಯ ಎಂದಳು. ಕೂಸು ಉಚ್ಚೆ ಹೊಯ್ದಿತ್ತು. ಸಾವಕಾರ್ತಿಯ ಇಳಕಲ್ಲ ಸೀರೆಯ ಮೇಲೆ ಒದ್ದೆ ಹರಡಿ ಗಾದಿಗಿಳಿಯಿತು. ಮುದುಕಿ ನಗುತ್ತಲೇ ಇದ್ದಳು, ಇರಲಿ ಬಿಡ, ದೇವರ ತೀರ್ಥ ಎಂದಳು. ಮಾಲಾ ಎರಡು ಹೆಜ್ಜೆ ಮುಂದೆ ಬಂದಳು. ಹಿತ್ತಲಿನಲ್ಲಿ ಆಳುಗಳನ್ನು ಕೂಗುವ ದನಿ ಒಂದಿರುತ್ತದೆ. ಅದನ್ನು ಅವಳು ಮಗುವಾಗಿದ್ದಾಗಿನಿಂದ ಕೇಳಿ ಬಲ್ಲಳು, ಬಾಯಿ ತೆರೆದರೆ ಅದು ತಾನಾಗಿ ಬಂತು. “ಏ ಸುಂದ್ರಿ,” ಎಂದಳು. “ಕುಂದ್ರಾಕ ಜಾಗಾ ಕೊಟ್ರ ಅಲ್ಲೇ ಉಚ್ಚಿ ಹೊಯ್ತಿಯೇನ? ಸುಂದ್ರಿ, ನಿನಗ ಹೇಳಾಕ ಹತ್ತೇನಿ. ನಾಚಿಕಿಲ್ಲದಾಕಿ. ಏಳ ಮ್ಯಾಲ, ಗಾದಿ ನಿಮ್ಮಪ್ಪಂದಂತ ತಿಳದಿಯೇನ, ಏಳ ಸುಂದ್ರಿ.”

ಕೂಸಿಗೆ ನಲವತ್ತು ದಿನ. ಅದಕ್ಕೆ ಬೈಯುತ್ತಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಸಚಿನನ ಮೊಬೈಲು ಕೆಳಗಿಳಿಯಿತು. ಸಾವಕಾರ್ತಿಯ ನಗು ಹೋಯಿತು. ಮೊದಲು ಕಣ್ಣಿನಿಂದ, ಆಮೇಲೆ ಬಾಯಿಂದ. ಅವಳು ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯದೆ ಅತ್ತಿತ್ತ ನೋಡಿದಳು. ಇದೇ, ಇದೇ ಮುಖ. ಮಾಲಾಳ ಮೈಯೆಲ್ಲ ಬಿಸಿಯಾಗಿ, ಹಗುರಾಗಿ, ಎಂದೂ ಅನುಭವಿಸದ ಸುಖ ಏರಿತು. ಅದು ಇಳಿಯುವುದರೊಳಗೆ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ, ಓಣಿಯ ಆ ತುದಿಯವರೆಗೆ ಕೇಳುವಂತೆ, “ಸುಂದ್ರೀ,” ಎಂದಳು. ಕೂಸು ಬೆಚ್ಚಿ ಅಳತೊಡಗಿತು. ಸ್ನೇಹಲ್ ಒಳಗಿನಿಂದ ಓಡಿ ಬಂದು, ಯಾರ ಮುಖವನ್ನೂ ನೋಡದೆ, ಆ ಮಡಿಲಿನಿಂದ ಅದನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು.

ಲಗಮಣ್ಣ ಎದ್ದು ನಿಂತಿದ್ದ. ಸಾವಕಾರರ ಮನೆಯವರ ಎದುರು ಅವನು ಇಷ್ಟು ನೆಟ್ಟಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಅವನು ಸಾವಕಾರ್ತಿಯನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದ.

“ಮಾಲಾ,” ಎಂದ. “ಅದು ನಿಮ್ಮವ್ವನ ಹೆಸರು. ಹಂಗ ಒದರಬ್ಯಾಡ.”